ಕ್ಯಾಸಿಯೋಪಿಯಾ, ಪರ್ಸಿಯಸ್, ಆಂಡ್ರೊಮಿಡಾ: ಆಕಾಶದ ಒಂದು ಗ್ರೀಕ್ ಕುಟುಂಬವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿ. ಚಳಿಗಾಲದ ಸಂಜೆ ಮಕ್ಕಳಿಗೆ ಆಕಾಶ ತೋರಿಸುತ್ತೇನೆ. ಫೋನಿನ ಆಪ್ ಕ್ಯಾಸಿಯೋಪಿಯಾ, ಪರ್ಸಿಯಸ್, ಆಂಡ್ರೊಮಿಡಾ ಅನ್ನುತ್ತದೆ. ನಮ್ಮ ಲೈಬ್ರರಿಯ ಕನ್ನಡ ಪುಸ್ತಕದಲ್ಲಿ ಅವೇ ಕುಂತಿ, ಪಾರ್ಥ, ದ್ರೌಪದಿ ಆಗಿವೆ. ಎಷ್ಟು ದಿಟ್ಟಿಸಿದರೂ ರಾಣಿಯೂ ಕಾಣುವುದಿಲ್ಲ, ವೀರನೂ ಕಾಣುವುದಿಲ್ಲ. ಗ್ರೀಕರಿಗೆ ನಿಜವಾಗಿ ಈ ಆಕಾರಗಳು ಕಂಡಿದ್ದವೇ? ಜಗತ್ತೆಲ್ಲ ಅವರ ಹೆಸರನ್ನೇ ಯಾಕೆ ಬಳಸುತ್ತದೆ? ಮಕ್ಕಳಿಗೆ ಯಾವ ಹೆಸರು ಹೇಳಲಿ, ಎಲ್ಲಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ ಮೇಡಂ. ಐದು ಚುಕ್ಕಿಯಲ್ಲಿ ರಾಣಿ ಕಾಣದಿದ್ದರೆ ಮಕ್ಕಳ ಕಣ್ಣಿನಲ್ಲಿ ದೋಷವೇನೂ ಇಲ್ಲ ಎಂದು ಧೈರ್ಯವಾಗಿ ಹೇಳಿ. ಗ್ರೀಕರಿಗೂ ಅಲ್ಲಿ ಮುಖ, ಕಣ್ಣು, ಕಿರೀಟ ಕಂಡಿರಲಿಲ್ಲ. ಸಾವಿರಾರು ಚುಕ್ಕಿಗಳನ್ನು ನೆನಪಿಡಲು ಅವರಿಗೆ ಒಂದು ದಾರಿ ಬೇಕಿತ್ತು. ಅದಕ್ಕಾಗಿ ಗುಂಪು ಮಾಡಿದರು, ಗುಂಪಿಗೆ ಹೆಸರಿಟ್ಟರು, ಹೆಸರಿಗೆ ಕತೆ ಕಟ್ಟಿದರು.

ಇದು ನನ್ನ ಊಹೆಯಲ್ಲ, ಅವರ ಕವಿಯೇ ಹೇಳಿದ ಮಾತು. ಕ್ರಿ.ಪೂ. 3ನೇ ಶತಮಾನದಲ್ಲಿ ಅರಾಟಸ್ ಎಂಬ ಕವಿ ಮ್ಯಾಸಿಡೋನಿಯಾದ ಅರಮನೆಯ ಆಶ್ರಯದಲ್ಲಿದ್ದ. ಅವನಿಗಿಂತ ಸುಮಾರು ನೂರು ವರ್ಷ ಹಿಂದೆ ಯುಡಾಕ್ಸಸ್ ಎಂಬ ಗಣಿತಜ್ಞ ನಕ್ಷತ್ರಪುಂಜಗಳ ವಿವರವನ್ನು ಗದ್ಯದಲ್ಲಿ ಬರೆದಿದ್ದ. ಆ ಪುಸ್ತಕ ಈಗ ಉಳಿದಿಲ್ಲ. ಅದನ್ನು ಆಧರಿಸಿ ಅರಾಟಸ್ 'ಫೈನೊಮೆನ' ಎಂಬ ಸಾವಿರಕ್ಕೂ ಹೆಚ್ಚು ಸಾಲಿನ ಕಾವ್ಯ ಬರೆದ. ಅದು ಉಳಿದಿದೆ. ಒಂದೊಂದು ನಕ್ಷತ್ರಕ್ಕೂ ಬೇರೆ ಬೇರೆ ಹೆಸರಿಟ್ಟು ಗುರುತಿಸುವುದು ಆಗದ ಕೆಲಸ, ಅದಕ್ಕೇ ಹಿಂದಿನ ಕಾಲದವನೊಬ್ಬ ಅವನ್ನು ಗುಂಪು ಮಾಡಿ ಆಕಾರ ಕೊಟ್ಟ ಎಂದು ಅದರಲ್ಲಿ ಸ್ಪಷ್ಟವಾಗಿ ಬರುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಇಷ್ಟು ನೇರವಾಗಿ ಹೇಳಿದ್ದಾನೆ. ನನಗೆ ಆ ಕಾವ್ಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಆಕಾರ ಮೊದಲು, ಕತೆ ಆಮೇಲೆ ಎನ್ನುವುದಕ್ಕೆ ಅದೇ ಕಾವ್ಯದಲ್ಲಿ ಇನ್ನೊಂದು ಸಾಕ್ಷಿ ಇದೆ. ನಾವು ಈಗ ಹರ್ಕ್ಯುಲಿಸ್ ಎನ್ನುವ ಪುಂಜವನ್ನು ಅರಾಟಸ್ 'ಮಂಡಿಯೂರಿದವನು' ಎಂದಷ್ಟೇ ಕರೆಯುತ್ತಾನೆ. ಅವನು ಯಾರು, ಏನು ಕೆಲಸ ಮಾಡುತ್ತಿದ್ದಾನೆ ಎಂದು ಯಾರೂ ಖಚಿತವಾಗಿ ಹೇಳಲಾರರು ಎನ್ನುತ್ತಾನೆ. ಗ್ರೀಕರ ಅತಿ ದೊಡ್ಡ ವೀರ ಹೆರಾಕ್ಲೀಸ್‌ನ (ರೋಮನ್ನರ ಬಾಯಲ್ಲಿ ಹರ್ಕ್ಯುಲಿಸ್) ಹೆಸರು ಅಲ್ಲಿಗೆ ಆಮೇಲೆ ಬಂದು ಸೇರಿಕೊಂಡಿತು.

ರಾಶಿಚಕ್ರದ ಕೆಲವು ಆಕಾರಗಳಂತೂ ಗ್ರೀಸಿನಲ್ಲಿ ಹುಟ್ಟಿದ್ದೇ ಅಲ್ಲ. ಗೂಳಿ, ಸಿಂಹ, ಚೇಳು, ಮೀನಿನ ಬಾಲದ ಆಡು ಇವೆಲ್ಲ ಮೆಸೊಪೊಟೇಮಿಯಾದ ಮಣ್ಣಿನ ಹಲಗೆಗಳಲ್ಲಿ ಮೊದಲೇ ಇವೆ. 'ಮುಲ್ ಅಪಿನ್' ಎಂಬ ಬ್ಯಾಬಿಲೋನಿಯನ್ ನಕ್ಷತ್ರ ಪಟ್ಟಿಯ ಪ್ರತಿಗಳು ಕ್ರಿ.ಪೂ. 7ನೇ ಶತಮಾನದಿಂದ ಸಿಕ್ಕಿವೆ. ಅದರೊಳಗಿನ ವಿಷಯ ಇನ್ನೂ ಹಳೆಯದು. ಗ್ರೀಕರು ಸಿಂಹವನ್ನು ಹಾಗೇ ತೆಗೆದುಕೊಂಡರು. ಇದು ಹೆರಾಕ್ಲೀಸ್ ಕೊಂದ ಸಿಂಹ ಎಂದರು. ಏಡಿಯೂ ಅವನದೇ ಕಾಲಿಗೆ ಸಿಕ್ಕಿ ಸತ್ತ ಏಡಿ ಆಯಿತು. ಗೂಳಿ ಯೂರೋಪಾ ಎಂಬ ರಾಜಕುಮಾರಿಯನ್ನು ಹೊತ್ತೊಯ್ದ ದೇವತೆಗಳ ರಾಜ ಜ್ಯೂಸ್ ಆಯಿತು. ಹೀಗೆ ಬೇರೆಯವರ ಆಕಾರಕ್ಕೆ ತಮ್ಮ ಪುರಾಣ ತೊಡಿಸಿದರು.

ಗ್ರೀಕ್ ರೈತರಿಗೆ ನಕ್ಷತ್ರ ಬೇಕಾಗಿದ್ದು ಕತೆಗಿಂತ ಮೊದಲು ಕೆಲಸಕ್ಕೆ. ಕ್ರಿ.ಪೂ. 700ರ ಸುಮಾರಿನ ಹೆಸಿಯಡ್ ಎಂಬ ಕವಿ, ಕೃತ್ತಿಕೆ ಬೆಳಗಿನ ಜಾವ ಮೂಡಿದಾಗ ಕೊಯ್ಲು ಶುರು ಮಾಡಿ, ಮುಳುಗುವಾಗ ಉಳುಮೆ ಮಾಡಿ ಎಂದು ಬರೆದಿದ್ದಾನೆ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಎಂದು ಲೆಕ್ಕ ಹಾಕುವ ಮನೆಯಿಂದ ಬಂದ ಮಕ್ಕಳು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತಾರೆ, ಅಲ್ವಾ? ಲೆಕ್ಕದ ರೀತಿ ಬೇರೆ. ನಮ್ಮ ಮಳೆ ನಕ್ಷತ್ರ ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೆ ಎಂಬುದರ ಮೇಲೆ ನಡೆಯುತ್ತದೆ. ಆದರೂ ಅವರಿಗೆ ಹೆಸಿಯಡ್‌ನ ಮಾತು ಬೇಗ ಅರ್ಥವಾಗುತ್ತದೆ.

ಈಗ ನೀವು ಕೇಳಿದ ಕುಟುಂಬಕ್ಕೆ ಬರೋಣ. ಗ್ರೀಕ್ ಪುರಾಣದ ಪುಂಜಗಳಲ್ಲಿ ಬಹುಪಾಲು ಒಂಟಿ. ಇಲ್ಲೊಬ್ಬ ಬೇಟೆಗಾರ, ಅಲ್ಲೊಂದು ಹಂಸ. ಒಂದೇ ಕತೆಯ ಇಷ್ಟು ಪಾತ್ರಗಳು ಅಕ್ಕಪಕ್ಕದಲ್ಲೇ ನಿಂತಿರುವುದು ಈ ಒಂದು ಕಡೆ ಮಾತ್ರ. ಹಾಗಾಗಿ ಮಕ್ಕಳಿಗೆ ಇಲ್ಲಿಂದಲೇ ಶುರು ಮಾಡಿ ಎನ್ನುವುದು ನನ್ನ ಸಲಹೆ.

ಕತೆ ಚಿಕ್ಕದು. ಸೀಫಿಯಸ್ ಇಥಿಯೋಪಿಯಾದ ರಾಜ. ಗ್ರೀಕರು ತಮ್ಮ ದಕ್ಷಿಣಕ್ಕಿದ್ದ ದೂರದ ನಾಡಿಗೆ ಹಾಗೆ ಕರೆಯುತ್ತಿದ್ದರು. ಅವನ ರಾಣಿ ಕ್ಯಾಸಿಯೋಪಿಯಾ. ಸಮುದ್ರದ ಕನ್ಯೆಯರಿಗಿಂತ ತಾನು ಚೆಲುವೆ ಎಂದು ರಾಣಿ ಕೊಚ್ಚಿಕೊಂಡಳು. ಮಗಳು ಚೆಲುವೆ ಎಂದಳು ಎಂದೂ ಕೆಲವರು ಹೇಳುತ್ತಾರೆ. ಸಮುದ್ರದೇವ ಪೊಸೈಡನ್ ಸಿಟ್ಟಾಗಿ ಪ್ರವಾಹ ತಂದ, ಸೀಟಸ್ ಎಂಬ ಕಡಲ ರಾಕ್ಷಸನನ್ನು ಕಳಿಸಿದ. ಮಗಳನ್ನು ಅದಕ್ಕೆ ಬಲಿ ಕೊಟ್ಟರೆ ಮಾತ್ರ ನಾಡು ಉಳಿಯುತ್ತದೆ ಎಂದು ದೇವವಾಣಿ ಆಯಿತು. ಅಪ್ಪ ಅಮ್ಮ ಸೇರಿ ಆಂಡ್ರೊಮಿಡಾಳನ್ನು ಕಡಲತಡಿಯ ಬಂಡೆಗೆ ಸರಪಳಿಯಲ್ಲಿ ಬಿಗಿದರು. ಅದೇ ಹೊತ್ತಿಗೆ ಪರ್ಸಿಯಸ್ ಅತ್ತ ಬಂದ. ಕೂದಲ ಜಾಗದಲ್ಲಿ ಹಾವುಗಳಿದ್ದ, ನೋಡಿದವರು ಕಲ್ಲಾಗುತ್ತಿದ್ದ ಮೆಡೂಸಾಳ ತಲೆ ಕಡಿದು ಮರಳುತ್ತಿದ್ದ. ರಾಕ್ಷಸನನ್ನು ಕೊಂದ, ಆಂಡ್ರೊಮಿಡಾಳನ್ನು ಮದುವೆಯಾದ. ಹೆರಾಕ್ಲೀಸ್ ಇವರ ಮರಿಮಗ.

ಈ ಬಂಡೆ ಎಲ್ಲಿತ್ತು ಎಂದು ಪುರಾತನರು ಹುಡುಕಿದ್ದೂ ಉಂಟು. ಇಂದಿನ ಇಸ್ರೇಲ್ ಕರಾವಳಿಯ ಜಾಫಾ ಪಟ್ಟಣವೇ ಆ ಜಾಗ ಎಂದು ಅನೇಕರು ನಂಬಿದ್ದರು. ಅಲ್ಲಿಂದ ತಂದ ರಾಕ್ಷಸನ ಮೂಳೆಗಳನ್ನು ಸ್ಕಾರಸ್ ಎಂಬ ಅಧಿಕಾರಿ ರೋಮಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಎಂದು ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ಉದ್ದ 40 ಅಡಿ, ಪಕ್ಕೆಲುಬು ಭಾರತದ ಆನೆಗಿಂತ ಎತ್ತರ ಎಂಬ ಅಳತೆಯನ್ನೂ ಕೊಟ್ಟಿದ್ದಾನೆ. ಯಾವುದೋ ತಿಮಿಂಗಿಲದ ಮೂಳೆ ಇರಬೇಕು. ರೋಮಿನ ಜನ ಅದನ್ನು ಆಂಡ್ರೊಮಿಡಾಳ ರಾಕ್ಷಸ ಎಂದೇ ಸಾಲುಗಟ್ಟಿ ನೋಡಿರಬಹುದು.

ಈಗ ಹೊರಗೆ ಬನ್ನಿ. ನವೆಂಬರ್ ತಿಂಗಳಲ್ಲಿ, ಚಂದ್ರ ಇಲ್ಲದ ದಿನ, ರಾತ್ರಿ 8ರಿಂದ 9ರ ಹೊತ್ತು ಒಳ್ಳೆಯದು. ನೆತ್ತಿಯ ಮೇಲೆ ನೋಡಿ. ಹೆಚ್ಚು ಕಡಿಮೆ ಒಂದೇ ಹೊಳಪಿನ ನಾಲ್ಕು ಚುಕ್ಕಿಗಳ ದೊಡ್ಡ ಚೌಕ ಕಾಣುತ್ತದೆ. ಒಳಗೆ ಹೆಚ್ಚೇನೂ ಇರುವುದಿಲ್ಲ, ಖಾಲಿ ಖಾಲಿ. ಇದೇ ಪೆಗಾಸಸ್ ಚೌಕ. ಬ್ಯಾಬಿಲೋನಿನವರು ಇದನ್ನು 'ಹೊಲ' ಎಂದು ಕರೆಯುತ್ತಿದ್ದರು. ನನ್ನ ಮಟ್ಟಿಗೆ ಈ ಚೌಕಕ್ಕೆ ಅದಕ್ಕಿಂತ ಒಪ್ಪುವ ಹೆಸರಿಲ್ಲ. ನಮ್ಮಲ್ಲಿ ಇದರ ಪಶ್ಚಿಮದ ಎರಡು ಚುಕ್ಕಿ ಪೂರ್ವಾಭಾದ್ರಾ, ಪೂರ್ವದ ಎರಡು ಚುಕ್ಕಿ ಉತ್ತರಾಭಾದ್ರಾ.

ಪೆಗಾಸಸ್ ಎಂದರೆ ರೆಕ್ಕೆಯ ಕುದುರೆ. ಮೆಡೂಸಾಳ ರಕ್ತದಿಂದ ಹುಟ್ಟಿದ್ದು. ಪರ್ಸಿಯಸ್ ಇದರ ಮೇಲೆ ಕೂತು ಹಾರಿ ಬಂದ ಎಂದು ಸಿನಿಮಾಗಳಲ್ಲಿ ನೋಡುತ್ತೇವೆ. ಹಳೆಯ ಗ್ರೀಕ್ ಕತೆಯಲ್ಲಿ ಅವನು ರೆಕ್ಕೆಯ ಪಾದರಕ್ಷೆ ತೊಟ್ಟು ಹಾರುತ್ತಾನೆ. ಕುದುರೆ ಏರಿದವನು ಬೆಲೆರೊಫನ್ ಎಂಬ ಬೇರೆ ವೀರ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.

ಇನ್ನೊಂದು ವಿಷಯ. ಪಾಶ್ಚಾತ್ಯ ಪುಸ್ತಕಗಳು ಈ ಕುದುರೆ ತಲೆಕೆಳಗಾಗಿದೆ ಎನ್ನುತ್ತವೆ. ಗ್ರೀಸಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನೋಡಿದರೆ ಅದರ ಕಾಲು ಮೇಲಕ್ಕಿರುವುದು ನಿಜ. ಕರ್ನಾಟಕದಲ್ಲಿ ಆ ಚೌಕ ಬಹುತೇಕ ತಲೆಯ ಮೇಲೇ ಹಾಯುತ್ತದೆ. ನೀವು ಉತ್ತರಕ್ಕೆ ಮುಖ ಮಾಡಿ ತಲೆ ಎತ್ತಿದರೆ ಕುದುರೆ ಸರಿಯಾಗಿ ಕಾಲೂರಿ ನಿಂತಂತೆ ಇರುತ್ತದೆ. ಪುಸ್ತಕದ ನಕ್ಷೆ ಎಲ್ಲಿಂದ ನೋಡಿ ಬರೆದದ್ದು ಎಂದು ಕೇಳುವ ಅಭ್ಯಾಸ ಮಕ್ಕಳಿಗೆ ಇಲ್ಲೇ ಶುರುವಾಗಲಿ.

ಚೌಕದ ಈಶಾನ್ಯ ಮೂಲೆಯ ಚುಕ್ಕಿ ಆಲ್ಫೆರಾಟ್ಜ್. ಅರಬ್ಬಿಯಲ್ಲಿ ಕುದುರೆಯ ಹೊಕ್ಕಳು ಎಂಬ ಮಾತಿನಿಂದ ಬಂದ ಹೆಸರು. ಆದರೆ ಈಗ ಅಧಿಕೃತವಾಗಿ ಅದು ಆಂಡ್ರೊಮಿಡಾಳ ತಲೆ. ಹಿಂದೆ ಎರಡೂ ಪುಂಜಕ್ಕೆ ಅದನ್ನು ಸೇರಿಸುತ್ತಿದ್ದರು. ಅಲ್ಲಿಂದ ಈಶಾನ್ಯದ ಕಡೆಗೆ ಸಾಲಾಗಿ ಹೋದರೆ ಮಿರಾಕ್, ಆಮೇಲೆ ಅಲ್ಮಾಕ್. ತಲೆ, ಸೊಂಟ, ಪಾದ. ಸರಪಳಿ ಬಿಗಿದ ರಾಜಕುಮಾರಿ ಎಂದರೆ ಇಷ್ಟೇ.

ಮಿರಾಕ್‌ನಿಂದ ಉತ್ತರಕ್ಕೆ ತಿರುಗಿ ಎರಡು ಮಂಕು ಚುಕ್ಕಿ ದಾಟಿದರೆ ಒಂದು ಮಬ್ಬು ಕಲೆ ಇದೆ. ಆಂಡ್ರೊಮಿಡಾ ಗೆಲಾಕ್ಸಿ ಅದು. ಹಳ್ಳಿಯ ಕತ್ತಲಲ್ಲಿ ಬರಿಗಣ್ಣಿಗೆ ಸಿಗುತ್ತದೆ. ಬೆಂಗಳೂರಿನ ಬೆಳಕಿನಲ್ಲಿ ಕಷ್ಟ. ಸಣ್ಣ ಬೈನಾಕ್ಯುಲರ್ ಇದ್ದರೆ ಸಾಕು. ಕ್ರಿ.ಶ. 964ರಲ್ಲಿ ಪರ್ಷಿಯಾದ ಖಗೋಳ ವಿಜ್ಞಾನಿ ಅಲ್ ಸೂಫಿ ಇದನ್ನು 'ಚಿಕ್ಕ ಮೋಡ' ಎಂದು ತನ್ನ ಪುಸ್ತಕದಲ್ಲಿ ದಾಖಲಿಸಿದ. ಆ ಮೋಡದ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ನೀವು ನೋಡುವ ಬೆಳಕು ಅಲ್ಲಿಂದ ಹೊರಟಾಗ ಭೂಮಿಯ ಮೇಲೆ ಹೋಮೋ ಸೇಪಿಯನ್ಸ್ ಎಂಬ ನಮ್ಮ ಪ್ರಭೇದದ ಮನುಷ್ಯರೇ ಇರಲಿಲ್ಲ.

ಆಂಡ್ರೊಮಿಡಾಳಿಂದ ಇನ್ನೂ ಉತ್ತರಕ್ಕೆ ಹೋದರೆ ಐದು ಚುಕ್ಕಿಗಳ ಅಂಕುಡೊಂಕು ಗೆರೆ. ಇವಳೇ ರಾಣಿ ಕ್ಯಾಸಿಯೋಪಿಯಾ. ಇದನ್ನು ಗುರುತಿಸುವುದು ತುಂಬಾ ಸುಲಭ. ಇಂಗ್ಲಿಷಿನ 'ಡಬ್ಲ್ಯೂ' ಆಕಾರ ಎಂದು ಎಲ್ಲ ಪುಸ್ತಕವೂ ಹೇಳುತ್ತದೆ. ನಮಗೆ ಉತ್ತರದಲ್ಲಿ ಅತಿ ಎತ್ತರದಲ್ಲಿರುವಾಗ ಅದು 'ಎಂ' ಆಗಿ ಕಾಣುತ್ತದೆ. ಬಡಾಯಿಗೆ ಶಿಕ್ಷೆಯಾಗಿ ಅವಳನ್ನು ಸಿಂಹಾಸನದಲ್ಲಿ ಕೂರಿಸಿ ಧ್ರುವದ ಸುತ್ತ ತಿರುಗಿಸುತ್ತಾರೆ, ರಾತ್ರಿಯ ಅರ್ಧ ಹೊತ್ತು ತಲೆಕೆಳಗಾಗಿ ಇರುತ್ತಾಳೆ ಎಂಬ ಕತೆ ಇದೆ. ಇಂದಿನ ಅಥೆನ್ಸ್‌ನಲ್ಲಿ ನಿಂತರೆ ಈ ಐದು ಚುಕ್ಕಿಗಳು ಮುಳುಗುವುದೇ ಇಲ್ಲ. ಹಾಸನದಲ್ಲಿ ಮುಳುಗುತ್ತವೆ. ನಮ್ಮ ಧ್ರುವ ನಕ್ಷತ್ರವೇ ದಿಗಂತದಿಂದ ಬರೀ 13 ಡಿಗ್ರಿ ಮೇಲಿದೆ. ಹಾಗಾಗಿ ರಾಣಿ ಈಶಾನ್ಯದಲ್ಲಿ ಮೂಡಿ, ಏರಿ, ವಾಯವ್ಯದಲ್ಲಿ ಇಳಿದು ಹೋಗುತ್ತಾಳೆ. ಅವಳ ಪೂರ್ತಿ ಸುತ್ತು ಇಲ್ಲಿಂದ ನೋಡಲು ಸಾಧ್ಯವೇ ಇಲ್ಲ.

ಅರಾಟಸ್‌ನ ಕಾವ್ಯ ಓದುವಾಗ ಇಲ್ಲೊಂದು ಸ್ವಾರಸ್ಯ ಸಿಗುತ್ತದೆ. ರಾಣಿ ಧುಮುಕುವವಳ ಹಾಗೆ ತಲೆ ಮುಂದಾಗಿ ಇಳಿಯುತ್ತಾಳೆ ಎನ್ನುತ್ತಾನೆ. ಅವನ ಕಾಲದ ಗ್ರೀಸಿನಲ್ಲಿ ಅವಳು ಮುಳುಗುತ್ತಿದ್ದಳು! ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಆ ಓಲಾಟದಿಂದ ಕಳೆದ 2,300 ವರ್ಷಗಳಲ್ಲಿ ಆಕಾಶದ ಧ್ರುವ ಕ್ಯಾಸಿಯೋಪಿಯಾಕ್ಕೆ ಹತ್ತಿರ ಬಂದಿದೆ. ಹಳೆಯ ಕಾವ್ಯದ ಒಂದು ಸಾಲು, ಇಂದಿನ ಆಕಾಶಕ್ಕೆ ಹೊಂದದೇ ಇರುವುದರಿಂದಲೇ, ಆಗಿನ ಆಕಾಶವನ್ನು ನಮಗೆ ತೋರಿಸುತ್ತದೆ. ಪುರಾಣದ ಆಕಾಶವನ್ನು ಗಂಭೀರವಾಗಿ ಓದಬೇಕು ಎಂದು ನಾನು ಹೇಳುವುದು ಇಂಥ ಕಾರಣಕ್ಕೆ.

ಆ ಐದು ಚುಕ್ಕಿಗಳಿಗೆ ತಮ್ಮೊಳಗೆ ಸಂಬಂಧವೇನೂ ಇಲ್ಲ. ಒಂದು ತುದಿಯ ಕ್ಯಾಫ್ ಸುಮಾರು 55 ಜ್ಯೋತಿರ್ವರ್ಷ ದೂರ. ರುಕ್ಬಾ ಸುಮಾರು 100. ನಡುವಿನದು 500ಕ್ಕೂ ಜಾಸ್ತಿ. ನಮ್ಮ ಜಾಗದಿಂದ ನೋಡಿದಾಗ ಮಾತ್ರ ಒಂದೇ ಸಾಲಿನಲ್ಲಿ ಬೀಳುತ್ತವೆ.

1572ರ ನವೆಂಬರಿನಲ್ಲಿ ಇದೇ ಪುಂಜದಲ್ಲಿ ಹೊಸ ಚುಕ್ಕಿಯೊಂದು ಹೊತ್ತಿಕೊಂಡಿತು. ಡೆನ್ಮಾರ್ಕಿನ ಟೈಕೊ ಬ್ರಾಹೆ ಅದನ್ನು ತಿಂಗಳುಗಟ್ಟಲೆ ಅಳೆದ. ಶುಕ್ರನಷ್ಟು ಹೊಳೆದು, ಹಗಲಲ್ಲೂ ಕಂಡು, 1574ರಲ್ಲಿ ಕಣ್ಣಿಗೆ ಮರೆಯಾಯಿತು. ಚಂದ್ರನಿಂದ ಆಚೆಗಿನ ಆಕಾಶ ಬದಲಾಗುವುದೇ ಇಲ್ಲ ಎಂದು ಅರಿಸ್ಟಾಟಲ್ ಕಾಲದಿಂದ ಯೂರೋಪು ನಂಬಿತ್ತು. ಈ ಚುಕ್ಕಿ ಚಂದ್ರನಿಗಿಂತ ಬಹಳ ದೂರದಲ್ಲಿದೆ ಎಂದು ಟೈಕೊ ತೋರಿಸಿದ. ಇಂದು ನಮಗೆ ಗೊತ್ತು, ಅದು ನಕ್ಷತ್ರವೊಂದರ ಸ್ಫೋಟ, ಸೂಪರ್‌ನೋವಾ.

ರಾಣಿಯ ಪಕ್ಕ, ಪಶ್ಚಿಮಕ್ಕೆ, ರಾಜ ಸೀಫಿಯಸ್. ಮಕ್ಕಳು ಬಿಡಿಸುವ ಮನೆಯ ಚಿತ್ರದ ಆಕಾರ. ಚುಕ್ಕಿಗಳು ಮಂಕು, ಜನ ಇವನನ್ನು ದಾಟಿ ಹೋಗುತ್ತಾರೆ. ದಯವಿಟ್ಟು ದಾಟಬೇಡಿ. ಈ ಕುಟುಂಬದ ಕತೆಯಲ್ಲಿ ಪುರಾಣಕ್ಕಿಂತ ದೊಡ್ಡ ತಿರುವು ಇಲ್ಲೇ ಇದೆ.

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಜಾನ್ ಗುಡ್ರಿಕ್ ಎಂಬ ಯುವಕ ಇದ್ದ. ಚಿಕ್ಕಂದಿನಿಂದ ಅವನಿಗೆ ಕಿವಿ ಕೇಳುತ್ತಿರಲಿಲ್ಲ. 1784ರಲ್ಲಿ ಅವನು ಡೆಲ್ಟಾ ಸೀಫಿ ಎಂಬ ಚುಕ್ಕಿಯ ಬೆಳಕು ಏರಿಳಿಯುವುದನ್ನು ಕಂಡುಹಿಡಿದ. ಒಂದು ಸುತ್ತಿಗೆ ಸುಮಾರು 5 ದಿನ 9 ಗಂಟೆ. ಬೇಗ ಬೆಳಗುತ್ತದೆ, ನಿಧಾನವಾಗಿ ಮಂಕಾಗುತ್ತದೆ. ಅದೇ ಬಗೆಯ ಚುಕ್ಕಿಗಳಿಗೆ ಆಮೇಲೆ ಸೀಫಿಡ್ ಎಂದು ಹೆಸರಾಯಿತು. 1912ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟಾ ಲೀವಿಟ್ ಇಂಥ 25 ಚುಕ್ಕಿಗಳನ್ನು ಹೋಲಿಸಿ ಒಂದು ನಿಯಮ ಪ್ರಕಟಿಸಿದರು. ಏರಿಳಿತ ನಿಧಾನವಾದಷ್ಟೂ ಚುಕ್ಕಿಯ ನಿಜವಾದ ಹೊಳಪು ಜಾಸ್ತಿ. ನಿಜವಾದ ಹೊಳಪು ಗೊತ್ತಾದರೆ, ಕಣ್ಣಿಗೆ ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರ ಲೆಕ್ಕ ಹಾಕಬಹುದು. ಲೀವಿಟ್ ಅವರಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದಲ್ಲಿ ಆಂಡ್ರೊಮಿಡಾದ ಆ ಮಬ್ಬು ಕಲೆಯ ಫೋಟೊ ತೆಗೆದರು. ಅದರಲ್ಲಿ ಒಂದು ಸೀಫಿಡ್ ಸಿಕ್ಕಿತು. ಲೀವಿಟ್ ನಿಯಮ ಹಚ್ಚಿದಾಗ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಎಂದು ಬಂತು. ಸೀಫಿಡ್‌ಗಳಲ್ಲಿ ಎರಡು ಬಗೆ ಇವೆ ಎಂದು ಮುಂದೆ ಗೊತ್ತಾಗಿ ಆ ಸಂಖ್ಯೆ ದೊಡ್ಡದಾಯಿತು. ಆದರೆ 9 ಲಕ್ಷವೇ ಸಾಕಿತ್ತು. ನಮ್ಮ ಹಾಲುಹಾದಿಯ ಆಚೆಗೆ ಬೇರೆ ಗೆಲಾಕ್ಸಿಗಳಿವೆ ಎಂಬುದು ಸಾಬೀತಾಯಿತು. ತಂದೆ ಸೀಫಿಯಸ್‌ನ ಚುಕ್ಕಿಯಿಂದ ಕಲಿತ ಅಳತೆಗೋಲು ಮಗಳು ಆಂಡ್ರೊಮಿಡಾಳ ದೂರ ಹೇಳಿತು. ಯಾರೂ ಕೂತು ಹೆಣೆದ ಕತೆಯಲ್ಲ ಇದು, ನಡೆದದ್ದೇ ಹೀಗೆ. ನಿಮ್ಮ ಮಕ್ಕಳಿಗೆ ಇದನ್ನು ಹೇಳದೆ ಬಿಡಬೇಡಿ.

ಕಡಲ ರಾಕ್ಷಸ ಸೀಟಸ್ ಇವರೆಲ್ಲರಿಂದ ದೂರ, ದಕ್ಷಿಣದ ಕಡೆ ಇದ್ದಾನೆ. ನಡುವೆ ಮೀನ, ಮೇಷ ರಾಶಿಗಳು. ಡಿಸೆಂಬರಿನಲ್ಲಿ ನೋಡುವುದು ಸುಲಭ. ಇದರೊಳಗೆ ಮೀರಾ ಎಂಬ ಚುಕ್ಕಿ ಇದೆ. 1596ರಲ್ಲಿ ಡೇವಿಡ್ ಫ್ಯಾಬ್ರಿಷಿಯಸ್ ಎಂಬ ಪಾದ್ರಿ ಗಮನಿಸಿದ್ದು. ಸುಮಾರು 11 ತಿಂಗಳಿಗೊಮ್ಮೆ ಬರಿಗಣ್ಣಿಗೆ ಕಾಣುವಷ್ಟು ಹೊಳೆದು, ಮತ್ತೆ ದೂರದರ್ಶಕ ಬೇಕಾಗುವಷ್ಟು ಮಂಕಾಗುತ್ತದೆ.

ಹೆಸರು ಜಗತ್ತಿಗೆಲ್ಲ ಹೇಗೆ ಬಂತು? ಕ್ರಿ.ಶ. 150ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಟಾಲೆಮಿ 48 ಪುಂಜಗಳ, ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಮಾಡಿದ. ಆ ಪುಸ್ತಕ ಅರಬ್ಬಿಗೆ ಹೋಯಿತು. ಅಲ್ ಸೂಫಿಯಂಥವರು ಅದನ್ನು ತಿದ್ದಿ, ಚಿತ್ರ ಸೇರಿಸಿ ಬೆಳೆಸಿದರು. ಮತ್ತೆ ಲ್ಯಾಟಿನ್ ಮೂಲಕ ಯೂರೋಪಿಗೆ ಮರಳಿತು. ಹಾಗಾಗಿಯೇ ಪುಂಜದ ಹೆಸರು ಗ್ರೀಕ್ ಪುರಾಣದ್ದು, ಒಳಗಿನ ಚುಕ್ಕಿಗಳ ಹೆಸರು ಹೆಚ್ಚಾಗಿ ಅರಬ್ಬಿಯದು. ಗ್ರೀಸಿನಿಂದ ಕಾಣದ ದಕ್ಷಿಣದ ಆಕಾಶಕ್ಕೆ ಯೂರೋಪಿನ ನಾವಿಕರು, ಖಗೋಳಜ್ಞರು ಆಮೇಲೆ ಹೆಸರಿಟ್ಟರು. ಅಲ್ಲಿ ಪುರಾಣ ಕಡಿಮೆ. ಹಕ್ಕಿಗಳು, ಸೂಕ್ಷ್ಮದರ್ಶಕ, ದೂರದರ್ಶಕ ಇಂಥವು. 1922ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ರೋಮಿನಲ್ಲಿ ಸೇರಿ 88 ಪುಂಜಗಳ ಪಟ್ಟಿ ಒಪ್ಪಿತು. ಬೆಲ್ಜಿಯಂನ ಯುಜೀನ್ ಡೆಲ್‌ಪೋರ್ಟ್ ಅವುಗಳ ಗಡಿ ಗುರುತಿಸಿದರು, 1930ರಲ್ಲಿ ಅದು ಪ್ರಕಟವಾಯಿತು. ಈಗ ಪುಂಜ ಎಂದರೆ ಗಡಿ ಇರುವ ಒಂದು ಪ್ರದೇಶ. ಆಕಾಶದ ಯಾವುದೇ ಬಿಂದು ತೋರಿಸಿದರೂ ಅದು 88ರಲ್ಲಿ ಒಂದಕ್ಕೆ ಸೇರಿರುತ್ತದೆ.

ಕನ್ನಡ ಹೆಸರಿನ ವಿಷಯ. ನಮ್ಮ ಹಿಂದಿನವರ ಗಮನ ಮುಖ್ಯವಾಗಿ ಚಂದ್ರನ ದಾರಿಯ ಮೇಲಿತ್ತು. ಅಶ್ವಿನಿಯಿಂದ ರೇವತಿಯವರೆಗಿನ 27 ನಕ್ಷತ್ರಗಳು ಆ ದಾರಿಯ ಗುರುತುಗಳು. ಕ್ಯಾಸಿಯೋಪಿಯಾ, ಸೀಫಿಯಸ್, ಪರ್ಸಿಯಸ್ ಆ ದಾರಿಯಿಂದ ತುಂಬಾ ಉತ್ತರಕ್ಕಿವೆ. 27ರ ಪಟ್ಟಿಯಲ್ಲಿ ಅವಿಲ್ಲ. ಕುಂತಿ, ಯುಧಿಷ್ಠಿರ, ಪಾರ್ಥ, ದ್ರೌಪದಿ ಎಂಬವು ಕನ್ನಡದಲ್ಲಿ ಆಧುನಿಕ ಖಗೋಳ ವಿಜ್ಞಾನ ಬರೆದವರು ಬಳಸಿದ ಹೆಸರುಗಳು. ಮಕ್ಕಳಿಗೆ ಆಕಾಶ ಹತ್ತಿರವಾಗಲಿ ಎಂಬ ಪ್ರೀತಿ ಅದರಲ್ಲಿದೆ, ಅದನ್ನು ಗೌರವಿಸುತ್ತೇನೆ. ಪುಸ್ತಕ ಓದುವಾಗ ಆ ಹೆಸರೂ ಗೊತ್ತಿರಲಿ. ಆದರೆ ಅವು ಪುರಾತನ ಎಂದು ಹೇಳಬೇಡಿ. ಕತೆ ಹೇಳುವಾಗ ಗ್ರೀಕ್ ಹೆಸರನ್ನೇ ಬಳಸಿ ಎನ್ನುತ್ತೇನೆ. ಸೀಫಿಯಸ್ ಮತ್ತು ಕ್ಯಾಸಿಯೋಪಿಯಾ ಗಂಡ ಹೆಂಡತಿ. ಯುಧಿಷ್ಠಿರ ಮತ್ತು ಕುಂತಿ ಮಗ ತಾಯಿ. ಹೆಸರು ಬದಲಾದರೆ ಆಕಾಶದ ಮೇಲಿನ ಆ ಇಡೀ ಕತೆ ಕಳಚಿ ಬೀಳುತ್ತದೆ.

ನಮ್ಮ ನಕ್ಷತ್ರಗಳನ್ನು ನಮ್ಮ ಹೆಸರಿನಲ್ಲೇ ಕಲಿಸಿ. ಕೃತ್ತಿಕೆ, ರೋಹಿಣಿ, ಆರಿದ್ರಾ, ಚಿತ್ತಾ, ಸ್ವಾತಿ ಇವಕ್ಕೆ ಬೇರೆ ಹೆಸರು ಯಾಕೆ ಬೇಕು? ಗ್ರೀಕರಿಗೆ ಬೇಟೆಗಾರ ಓರಿಯನ್ ಕಂಡ ಜಾಗದಲ್ಲೇ ನಮ್ಮವರಿಗೆ ಜಿಂಕೆಯ ತಲೆ, ಮೃಗಶಿರ ಕಂಡಿತು. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಆಕಾರ ನಮ್ಮ ಮನಸ್ಸಿನದು ಎಂದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಅಂದ ಹಾಗೆ, ಅಂತರರಾಷ್ಟ್ರೀಯ ಒಕ್ಕೂಟದ ಅಧಿಕೃತ ನಕ್ಷತ್ರ ಹೆಸರುಗಳಲ್ಲಿ ರೇವತಿ ಮತ್ತು ಭರಣಿ ಈಗ ಸೇರಿವೆ. ಮೀನ ರಾಶಿಯ ರೇವತಿ ಆಂಡ್ರೊಮಿಡಾಳ ದಕ್ಷಿಣಕ್ಕೇ ಇದೆ, ಮಂಕಾದ ಚುಕ್ಕಿ.

ಪರ್ಸಿಯಸ್‌ನನ್ನು ಬೇಕೆಂದೇ ಕೊನೆಗೆ ಉಳಿಸಿದೆ, ಮಕ್ಕಳಿಗೆ ಕೈಯಾರೆ ಮಾಡುವ ಕೆಲಸ ಅಲ್ಲಿದೆ. ಆಂಡ್ರೊಮಿಡಾಳ ಪಾದದ ಚುಕ್ಕಿ ಅಲ್ಮಾಕ್ ದಾಟಿ ಪೂರ್ವಕ್ಕೆ ಹೋದರೆ ಅವನು. ಮೆಡೂಸಾಳ ತಲೆಯನ್ನು ಕೈಯಲ್ಲಿ ಹಿಡಿದಿದ್ದಾನೆ. ಆ ತಲೆಯ ಚುಕ್ಕಿ ಆಲ್ಗಾಲ್. ಅರಬ್ಬಿಯ 'ಪಿಶಾಚಿಯ ತಲೆ' ಎಂಬ ಮಾತಿನಿಂದ ಬಂದ ಹೆಸರು. ಇದು ಸುಮಾರು 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗುತ್ತದೆ. ಮಂಕಾಗಿ ಮತ್ತೆ ಸರಿಹೋಗಲು ಸುಮಾರು 10 ಗಂಟೆ. ಈ ಲೆಕ್ಕ ಹಿಡಿದದ್ದೂ ಅದೇ ಗುಡ್ರಿಕ್, ತನ್ನ ಹದಿನೆಂಟನೇ ವಯಸ್ಸಿನಲ್ಲಿ. ಕಪ್ಪು ಜೊತೆಗಾರವೊಂದು ಅದರ ಮುಂದೆ ಹಾದು ಗ್ರಹಣ ಹಿಡಿಸುತ್ತಿರಬಹುದು ಎಂದು 1783ರಲ್ಲಿ ಅವನು ಸೂಚಿಸಿದ. ಅದಕ್ಕೆ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟಿತು. 1786ರಲ್ಲಿ, ಬರೀ 21ರ ವಯಸ್ಸಿನಲ್ಲಿ ಅವನು ತೀರಿಕೊಂಡ. ಅವನ ಮಾತು ಸರಿ ಎಂದು 1889ರಲ್ಲಿ ಜರ್ಮನಿಯ ವೋಗೆಲ್ ವರ್ಣಪಟಲದಿಂದ ತೋರಿಸಿದರು. ಗ್ರೀಕರಿಗೂ ಈ ಮಿಟುಕು ಗೊತ್ತಿತ್ತು, ಅದಕ್ಕೇ ರಾಕ್ಷಸಿಯ ಕಣ್ಣು ಎಂದರು ಎಂದು ಅನೇಕ ಕಡೆ ಓದುತ್ತೀರಿ. ಟಾಲೆಮಿಯ ಪಟ್ಟಿ ಇದನ್ನು ಗಾರ್ಗನ್ (ಅಂದರೆ ಮೆಡೂಸಾಳಂಥ ರಾಕ್ಷಸಿ) ತಲೆಯ ಹೊಳೆವ ಚುಕ್ಕಿ ಎಂದಷ್ಟೇ ಹೇಳುತ್ತದೆ, ಬದಲಾಗುತ್ತದೆ ಎಂದು ಹೇಳುವುದಿಲ್ಲ. ಆ ಮಾತನ್ನು ಮಕ್ಕಳಿಗೆ ಖಚಿತ ಸಂಗತಿಯಾಗಿ ಹೇಳಬೇಡಿ.

ಕೆಲಸ ಇಷ್ಟೇ. ಡಿಸೆಂಬರ್, ಜನವರಿಯಲ್ಲಿ ದಿನಾ ರಾತ್ರಿ ಊಟಕ್ಕೆ ಮೊದಲು ಒಮ್ಮೆ, ಮಲಗುವ ಮೊದಲು ಒಮ್ಮೆ ಮಕ್ಕಳು ಆಲ್ಗಾಲ್ ನೋಡಲಿ. ಪಕ್ಕದ ಅಲ್ಮಾಕ್ ಜೊತೆ ಹೋಲಿಸಲಿ. ಸಾಮಾನ್ಯವಾಗಿ ಎರಡೂ ಸರಿಸಮ. ಒಂದು ದಿನ ಆಲ್ಗಾಲ್ ಎದ್ದು ಕಾಣುವಷ್ಟು ಮಂಕಾಗಿರುತ್ತದೆ. ಆ ಸಮಯ ಬರೆದುಕೊಳ್ಳಲಿ. ಮುಂದಿನ ಮಂಕು ಮೂರು ದಿನ ಕಳೆದು, ಗಡಿಯಾರದಲ್ಲಿ ಸುಮಾರು 3 ಗಂಟೆ 10 ನಿಮಿಷ ಮೊದಲೇ ಬರುತ್ತದೆ. ಒಂದು ರಾತ್ರಿ 11ಕ್ಕೆ ಅತಿ ಮಂಕಾಗಿ ಕಂಡರೆ, ಮೂರು ದಿನದ ನಂತರದ ರಾತ್ರಿ 7 ಗಂಟೆ 50 ನಿಮಿಷದ ಸುಮಾರಿಗೆ ಮತ್ತೆ ನೋಡಬೇಕು. ಅದಾದ ಮೇಲಿನದು ಸಂಜೆಯ ಬೆಳಕಿನಲ್ಲಿ ತಪ್ಪಿಹೋಗುತ್ತದೆ. ಅದಕ್ಕೆ ವೇಳಾಪಟ್ಟಿಯನ್ನು ಮಕ್ಕಳ ಕೈಯಲ್ಲೇ ಮೊದಲೇ ಲೆಕ್ಕ ಹಾಕಿಸಿ ಗೋಡೆಗೆ ಅಂಟಿಸಿ.